ವಕೀಲರ ಸಂಪಾದನೆ: ಊರು, ವಿಭಾಗ, ಕಕ್ಷಿದಾರ

2025ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ನೂರಾರು ಕ್ರಿಮಿನಲ್ ವಕೀಲರು ಹೊಸ ಕೇಸು ಹಿಡಿಯುವುದನ್ನು ನಿಲ್ಲಿಸಿಬಿಟ್ಟರು. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದ ಆರೋಪಿಗಳ ಪರವಾಗಿ, ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರದ ದುಡ್ಡಿನಲ್ಲಿ ವಾದಿಸುವವರು ಇವರು. ಆ ರಾಜ್ಯದ ಬಡ ಆರೋಪಿಗಳ ಕೇಸುಗಳಲ್ಲಿ ನೂರಕ್ಕೆ ಸುಮಾರು ಎಂಬತ್ತನ್ನು ನಡೆಸುವುದು ಇಂಥ ಖಾಸಗಿ ವಕೀಲರೇ. ಜಿಲ್ಲಾ ಕೋರ್ಟಿನ ಕೇಸಿಗೆ ಅವರಿಗೆ ಸಿಗುತ್ತಿದ್ದದ್ದು ಗಂಟೆಗೆ 65 ಡಾಲರ್. ಆಫೀಸಿನ ಬಾಡಿಗೆ, ವಿಮೆ, ಓಡಾಟ ಎಲ್ಲವೂ ಅದರಲ್ಲೇ ಕಳೆಯಬೇಕು. ಪಕ್ಕದ ನ್ಯೂ ಹ್ಯಾಂಪ್‌ಷೈರಿನಲ್ಲಿ ಅದೇ ಕೆಲಸಕ್ಕೆ 125 ಡಾಲರ್, ಮೇನ್ ರಾಜ್ಯದಲ್ಲಿ 150.

ಅದೇ ಬಾಸ್ಟನ್‌ನ ದೊಡ್ಡ ಲಾ ಫರ್ಮ್‌ಗಳಲ್ಲಿ, ಕಾಲೇಜಿನಿಂದ ಆಗಷ್ಟೇ ಹೊರಬಿದ್ದವರಿಗೆ ಮೊದಲ ವರ್ಷದ ಸಂಬಳ 2,25,000 ಡಾಲರ್. ಗಂಟೆಗೆ 65 ಡಾಲರಿನ ವಕೀಲ ಇಷ್ಟು ಗಳಿಸಬೇಕಾದರೆ ವರ್ಷದ ಅಷ್ಟೂ ದಿನ, ಭಾನುವಾರ ಸಹಿತ, ದಿನಕ್ಕೆ ಒಂಬತ್ತೂವರೆ ಗಂಟೆ ಬಿಲ್ಲು ಮಾಡಬೇಕು. ಅದೂ ಖರ್ಚು ಕಳೆಯುವ ಮೊದಲಿನ ಲೆಕ್ಕ. ಇನ್ನೂ ಸೋಜಿಗವೆಂದರೆ, ಅದೇ ಊರಿನ ಫೆಡರಲ್ ಕೋರ್ಟಿನಲ್ಲಿ ಬಡ ಆರೋಪಿಗೆ ನೇಮಕವಾದ ಖಾಸಗಿ ವಕೀಲನಿಗೆ 2025ರಲ್ಲಿ ನಿಗದಿಯಾಗಿದ್ದ ದರ ಗಂಟೆಗೆ 175 ಡಾಲರ್. (ಆ ವರ್ಷ ಜುಲೈ ಆರಂಭಕ್ಕೇ ಫೆಡರಲ್ ಬೊಕ್ಕಸದ ಆ ಬಾಬತ್ತು ಖಾಲಿಯಾಗಿ ಪಾವತಿ ನಿಂತುಹೋಯಿತು, ಅದು ಬೇರೆ ಕತೆ.) ಊರು ಒಂದೇ, ಪದವಿ ಒಂದೇ, ಬರೆದ ಬಾರ್ ಪರೀಕ್ಷೆಯೂ ಒಂದೇ, ದರ ಮಾತ್ರ ಮೂರು.

ವಕೀಲರ ಸಂಬಳದ ಕೋಷ್ಟಕಗಳು ಸಾಮಾನ್ಯವಾಗಿ ನಗರವಾರು, ವಿಭಾಗವಾರು ಇರುತ್ತವೆ. ಅವುಗಳನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ ಮೂರನೆಯದು: ದುಡ್ಡು ಕೊಡುವವರು ಯಾರು? ಬ್ಯಾಂಕೋ, ಸರ್ಕಾರವೋ, ಅಪಘಾತದಲ್ಲಿ ಕಾಲು ಕಳೆದುಕೊಂಡ ಕೂಲಿಯೋ? ಊರು, ವಿಭಾಗಗಳ ವ್ಯತ್ಯಾಸದ ಬಹುಪಾಲು ಈ ಒಂದು ಪ್ರಶ್ನೆಯೊಳಗೇ ಅಡಗಿದೆ.

ಬಾಸ್ಟನ್ ಮುಷ್ಕರ ಮುಂದೆ ಎಲ್ಲಿಗೆ ಮುಟ್ಟಿತೆಂದರೆ, ವಕೀಲರೇ ಸಿಗದ ಕಾರಣಕ್ಕೆ ಜುಲೈನಲ್ಲಿ ನೂರಕ್ಕೂ ಹೆಚ್ಚು ಕೇಸುಗಳನ್ನು ನ್ಯಾಯಾಲಯ ವಜಾ ಮಾಡಬೇಕಾಯಿತು. ಆರೋಪಿಗೆ ವಕೀಲನನ್ನು ಒದಗಿಸುವುದು ಸರ್ಕಾರದ ಹೊಣೆ ಎಂದು ಅಮೆರಿಕದ ಸುಪ್ರೀಂ ಕೋರ್ಟು 1963ರ ಗಿಡಿಯನ್ ಪ್ರಕರಣದಲ್ಲೇ ಹೇಳಿಯಾಗಿದೆ; ಒದಗಿಸಲಾಗದಿದ್ದರೆ ಕೇಸು ಮುಂದುವರಿಯುವಂತಿಲ್ಲ. ಆಗಸ್ಟಿನಲ್ಲಿ ರಾಜ್ಯ ಎರಡು ವರ್ಷಗಳಲ್ಲಿ ಗಂಟೆಗೆ 20 ಡಾಲರ್ ಏರಿಸಲು ಒಪ್ಪಿತು. ವಕೀಲರು ಕೇಳಿದ್ದು 35.

ಅಮೆರಿಕದ ಕಾರ್ಮಿಕ ಅಂಕಿಅಂಶ ಬ್ಯೂರೊ ಪ್ರಕಾರ 2024ರ ಮೇನಲ್ಲಿ ಆ ದೇಶದ ವಕೀಲರ ಮಧ್ಯಕ ವಾರ್ಷಿಕ ಸಂಬಳ 1,51,160 ಡಾಲರ್, ಅಂದರೆ ಅರ್ಧದಷ್ಟು ಮಂದಿ ಅದಕ್ಕಿಂತ ಮೇಲೆ, ಅರ್ಧ ಮಂದಿ ಕೆಳಗೆ. ನಗರಗಳ ಪಟ್ಟಿಯಲ್ಲಿ ತುದಿಯಲ್ಲಿರುವುದು ನ್ಯೂಯಾರ್ಕ್ ಅಲ್ಲ, ಸಿಲಿಕಾನ್ ಕಣಿವೆಯ ಸ್ಯಾನ್ ಹೋಸೆ. ಅಲ್ಲಿನ ಸರಾಸರಿ ಎರಡೂವರೆ ಲಕ್ಷ ಡಾಲರ್ ದಾಟುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ, ವಾಷಿಂಗ್ಟನ್, ನ್ಯೂಯಾರ್ಕ್ ಅದರ ಹಿಂದೆ ಬರುತ್ತವೆ. ಮೊಂಟಾನಾ, ಮಿಸಿಸಿಪ್ಪಿಯಂಥ ರಾಜ್ಯಗಳ ಸರಾಸರಿ ಒಂದು ಲಕ್ಷದ ಆಸುಪಾಸು. ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ಕಿಂಡಿಯಿದೆ. ಬ್ಯೂರೊದ ನಗರವಾರು ಸಮೀಕ್ಷೆ ಎಣಿಸುವುದು ಸಂಬಳಕ್ಕಿರುವವರನ್ನು. ಸ್ವಂತ ಆಫೀಸು ಇಟ್ಟುಕೊಂಡವರೂ ಫರ್ಮಿನ ಲಾಭ ಹಂಚಿಕೊಳ್ಳುವ ಪಾಲುದಾರರೂ ಅದರ ಹೊರಗೆ. ವರ್ಷಕ್ಕೆ ಎಪ್ಪತ್ತು ಲಕ್ಷ ಡಾಲರ್ ಪಾಲು ಪಡೆಯುವ ನ್ಯೂಯಾರ್ಕಿನ ಪಾಲುದಾರನೂ, ಹಳ್ಳಿಪೇಟೆಯಲ್ಲಿ ಉಯಿಲು ಬರೆದುಕೊಟ್ಟು ಜೀವನ ಸಾಗಿಸುವ ಒಂಟಿ ವಕೀಲನೂ ಒಂದೇ ಏಟಿಗೆ ಕಾಣೆಯಾಗುತ್ತಾರೆ.

ಸರಾಸರಿ ಎಂಬ ಸಂಖ್ಯೆಯೇ ಈ ವೃತ್ತಿಯಲ್ಲಿ ದಾರಿ ತಪ್ಪಿಸುವುದಕ್ಕೆ ಇನ್ನೊಂದು ಕಾರಣವಿದೆ. ಕಾನೂನು ಪದವೀಧರರ ಮೊದಲ ಸಂಬಳವನ್ನು ಅಮೆರಿಕದಲ್ಲಿ ವರ್ಷವರ್ಷ ಕಲೆಹಾಕುವ ಎನ್‌ಎಎಲ್‌ಪಿ ಸಂಸ್ಥೆಯ ನಕ್ಷೆಯನ್ನು ನೋಡಿದರೆ ಅದು ಥಟ್ಟನೆ ತಿಳಿಯುತ್ತದೆ. ಎಂಜಿನಿಯರುಗಳ ಅಥವಾ ಶಿಕ್ಷಕರ ಸಂಬಳದ ನಕ್ಷೆಯಲ್ಲಿ ನಡುವೆ ಒಂದು ಉಬ್ಬು ಇರುತ್ತದೆ. ವಕೀಲರದರಲ್ಲಿ ಎರಡು: ಎಡಗಡೆ 60ರಿಂದ 90 ಸಾವಿರ ಡಾಲರ್ ಸುತ್ತ ಅಗಲವಾದ ಗುಡ್ಡ, ಬಲಗಡೆ ಎರಡು ಲಕ್ಷದ ಆಚೆ ಸೂಜಿಯಂತೆ ನಿಂತ ಶಿಖರ. ನಡುವೆ ಬಯಲು. 2022ರಲ್ಲಿ ಪದವಿ ಪಡೆದವರ ಮೊದಲ ಸಂಬಳದ ಸರಾಸರಿ ಸುಮಾರು 1,16,000 ಡಾಲರ್ ಎಂದು ಲೆಕ್ಕ ಬಂತು. ಅಷ್ಟು ಸಂಬಳ ನಿಜವಾಗಿ ಪಡೆದವರನ್ನು ಮಾತ್ರ ಹುಡುಕಬೇಕಿತ್ತು. ಅದು ಬಯಲಿನ ನಟ್ಟನಡುವಿನ ಸಂಖ್ಯೆ. ಈ ಎರಡು ಗುಡ್ಡಗಳ ಚಿತ್ರ ಹಳೆಯದೇನಲ್ಲ. 1990ರ ದಶಕದ ಮೊದಲ ವರ್ಷಗಳವರೆಗೂ ನಕ್ಷೆಯಲ್ಲಿ ಒಂದೇ ಉಬ್ಬಿತ್ತು. ಬಿರುಕು ಎದ್ದು ಕಂಡದ್ದು 2000ದಲ್ಲಿ.

ಆ ವರ್ಷ ಆದದ್ದೇನೆಂದು ನೋಡಿದರೆ ಊರಿಗೂ ಸಂಬಳಕ್ಕೂ ಇರುವ ನಂಟು ತಿಳಿಯುತ್ತದೆ. ಡಾಟ್‌ಕಾಮ್ ಭರಾಟೆಯಲ್ಲಿ ಸಿಲಿಕಾನ್ ಕಣಿವೆಯ ಹೊಸ ಕಂಪನಿಗಳು ಷೇರಿನ ಆಸೆ ತೋರಿಸಿ ಕಿರಿಯ ವಕೀಲರನ್ನು ಸೆಳೆಯುತ್ತಿದ್ದವು. ಅವರನ್ನು ಹಿಡಿದಿಟ್ಟುಕೊಳ್ಳಲು ಗಂಡರ್ಸನ್ ಡೆಟ್ಮರ್ ಎಂಬ ಅಲ್ಲಿನ ಫರ್ಮ್ ಮೊದಲ ವರ್ಷದ ಸಂಬಳವನ್ನು 1,25,000 ಡಾಲರಿಗೆ ಏರಿಸಿತು. ನ್ಯೂಯಾರ್ಕಿನ ಹಳೆಯ ಮನೆತನದ ಫರ್ಮ್‌ಗಳು ಮುಖ ಸಿಂಡರಿಸಿಕೊಂಡೇ ಸರಿಗಟ್ಟಿದವು. ಅಲ್ಲಿಂದ ಒಬ್ಬರು ಏರಿಸಿದರೆ ವಾರದೊಳಗೆ ಎಲ್ಲರೂ ಏರಿಸುವುದು ಪದ್ಧತಿಯಾಯಿತು. 2007ರಲ್ಲಿ 1,60,000, ಆರ್ಥಿಕ ಕುಸಿತದಿಂದಾಗಿ ಒಂಬತ್ತು ವರ್ಷ ಅಲ್ಲೇ ನಿಂತು 2016ರಲ್ಲಿ 1,80,000, 2018ರಲ್ಲಿ 1,90,000, ಕೋವಿಡ್ ಕಾಲದ ಕಂಪನಿ ಖರೀದಿಗಳ ಜೋರಿನಲ್ಲಿ 2021ಕ್ಕೆ 2,05,000, ಮರುವರ್ಷ 2,15,000, 2023ರ ನವೆಂಬರಿನಲ್ಲಿ 2,25,000. ಈ ಪಟ್ಟಿಗೆ ನ್ಯೂಯಾರ್ಕಿನ ಕ್ರಾವತ್ ಫರ್ಮಿನ ಹೆಸರೇ ಅಂಟಿಕೊಂಡಿದೆ. ಅದೇ ಕ್ರಾವತ್ 1968ರಲ್ಲಿ ಆರಂಭದ ಸಂಬಳವನ್ನು 15,000 ಡಾಲರ್ ಮಾಡಿದಾಗ ಉಳಿದ ಫರ್ಮ್‌ಗಳು ಬೆಚ್ಚಿಬಿದ್ದಿದ್ದವು.

ಈ ಪಟ್ಟಿಯ ವಿಶೇಷವೆಂದರೆ ಅದಕ್ಕೆ ಊರಿನ ಹಂಗಿಲ್ಲ. ನ್ಯೂಯಾರ್ಕಿನಲ್ಲಿ ಕೂತವನಿಗೂ ಟೆಕ್ಸಸ್‌ನ ಹ್ಯೂಸ್ಟನ್ ಶಾಖೆಯಲ್ಲಿ ಕೂತವನಿಗೂ ದೊಡ್ಡ ಫರ್ಮ್‌ಗಳು ಕೊಡುವುದು ಒಂದೇ ಸಂಬಳ. ನ್ಯೂಯಾರ್ಕಿನವನು ರಾಜ್ಯಕ್ಕೂ ನಗರಕ್ಕೂ ಪ್ರತ್ಯೇಕ ವರಮಾನ ತೆರಿಗೆ ಕಟ್ಟುತ್ತಾನೆ. ಟೆಕ್ಸಸ್‌ನಲ್ಲಿ ರಾಜ್ಯದ ವರಮಾನ ತೆರಿಗೆಯೇ ಇಲ್ಲ, ಮನೆಯೂ ಅಗ್ಗ. ಎಣ್ಣೆ ಕಂಪನಿಗಳ ವ್ಯವಹಾರ ನೋಡುವ ಹ್ಯೂಸ್ಟನ್ ವಕೀಲ ಕಾಗದದ ಮೇಲೆ ಸಮಾನ, ಕೈಗೆ ಬರುವ ಲೆಕ್ಕದಲ್ಲಿ ಮೇಲು. ಕಕ್ಷಿದಾರ ದೊಡ್ಡ ಕಂಪನಿಯಾಗಿದ್ದರೆ ಊರಿನ ಭೇದ ಅಳಿಸಿಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಬೇಡ. ಹಾಗೆ ನೋಡಿದರೆ ಊರಿನ ಭೇದ ಕಾಡುವುದು ಕಕ್ಷಿದಾರ ಅದೇ ಊರಿನ ಮನುಷ್ಯನಾಗಿದ್ದಾಗ. ಸೌತ್ ಡಕೋಟದಲ್ಲಿ ವಕೀಲರೇ ಇಲ್ಲದ ಕೌಂಟಿಗಳು ಹೆಚ್ಚಿ, 2013ರಲ್ಲಿ ಆ ರಾಜ್ಯ ಹಳ್ಳಿಗಾಡಿನಲ್ಲಿ ಐದು ವರ್ಷ ನೆಲೆನಿಲ್ಲುವ ವಕೀಲರಿಗೆ ವರ್ಷಕ್ಕೆ 12 ಸಾವಿರ ಡಾಲರಿಗೂ ಮೀರಿದ ಸಹಾಯಧನ ಕೊಡುವ ಕಾನೂನು ಮಾಡಿತು. ಡಾಕ್ಟರರನ್ನು ಹಳ್ಳಿಗೆ ಕರೆತರಲು ಸರ್ಕಾರಗಳು ಮಾಡುತ್ತಿದ್ದ ಉಪಾಯ ವಕೀಲರ ಮೇಲೆ ಪ್ರಯೋಗವಾದದ್ದು ಅಮೆರಿಕದಲ್ಲಿ ಅದೇ ಮೊದಲು.

ವಿಭಾಗಗಳ ವಿಷಯಕ್ಕೆ ಬಂದರೆ, ಸ್ಯಾನ್ ಹೋಸೆ ಪಟ್ಟಿಯ ತುದಿಯಲ್ಲಿರುವುದಕ್ಕೆ ಪೇಟೆಂಟ್ ಒಂದು ಮುಖ್ಯ ಕಾರಣ. ಪೇಟೆಂಟ್ ಕಚೇರಿಯ ಮುಂದೆ ಹಾಜರಾಗಲು ಕಾನೂನಿನ ಜೊತೆಗೆ ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿರಬೇಕು, ಬೇರೆಯದೇ ಪರೀಕ್ಷೆ ಬರೆಯಬೇಕು. ಬಾಗಿಲು ಕಿರಿದಾದಷ್ಟೂ ಒಳಗಿರುವವರ ಬೆಲೆ ಹೆಚ್ಚು. ದಿವಾಳಿ ಕಂಪನಿಗಳ ಕೇಸುಗಳಲ್ಲಿ ಫೀಸಿಗೆ ನ್ಯಾಯಾಲಯದ ಒಪ್ಪಿಗೆ ಬೇಕಿರುವುದರಿಂದ ಬಿಲ್ಲುಗಳು ಬಹಿರಂಗ. ದೊಡ್ಡ ಫರ್ಮ್‌ಗಳ ಹಿರಿಯ ಪಾಲುದಾರರ ದರ ಗಂಟೆಗೆ 2,000 ಡಾಲರ್ ದಾಟಿದ್ದು ಹೊರಲೋಕಕ್ಕೆ ತಿಳಿದದ್ದು ಹಾಗೆ. ಕಂಪನಿ ಮುಳುಗುವಾಗಲೂ ಅದರ ವಕೀಲರು ತೇಲುತ್ತಾರೆ. ವಿಚ್ಛೇದನ, ವಲಸೆ, ಉಯಿಲು ಇವೆಲ್ಲ ಎಡದ ಗುಡ್ಡದ ಕೆಲಸಗಳು. ಅಪಘಾತ ಪರಿಹಾರದ ವಕೀಲರದು ಮಾತ್ರ ಬೇರೆ ಜಾತಿ: ಗೆದ್ದರೆ ಪರಿಹಾರದ ಮೂರನೇ ಒಂದು ಪಾಲು, ಸೋತರೆ ಏನೂ ಇಲ್ಲ. ಅಲ್ಲಿ ಕಕ್ಷಿದಾರ ಬಡವ, ಆದರೆ ಕೊಡುವುದು ವಿಮಾ ಕಂಪನಿ. ಹೆದ್ದಾರಿ ಬದಿಯ ಫಲಕಗಳಲ್ಲಿ ಬೆರಳು ತೋರಿಸಿಕೊಂಡು ನಿಂತ ಅಮೆರಿಕನ್ ವಕೀಲರು ಬಹುಪಾಲು ಇವರೇ.

ನ್ಯಾಯಪೀಠವೂ ಈ ತಕ್ಕಡಿಯಿಂದ ತಪ್ಪಿಸಿಕೊಂಡಿಲ್ಲ. 2024ರಲ್ಲಿ ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಧೀಶರ ವಾರ್ಷಿಕ ಸಂಬಳ 2,43,300 ಡಾಲರ್. ಅವರೆದುರು ಕಡತ ಹಿಡಿದು ನಿಂತ ದೊಡ್ಡ ಫರ್ಮಿನ ಮೂರನೇ ವರ್ಷದ ಕಿರಿಯ ವಕೀಲನದು 2,60,000. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ 2006ರ ವಾರ್ಷಿಕ ವರದಿಯನ್ನು ಈ ಒಂದೇ ದೂರಿಗೆ ಮೀಸಲಿಟ್ಟು, ಇದು ಸಂವಿಧಾನದ ಬಿಕ್ಕಟ್ಟಿನ ಮಟ್ಟ ಮುಟ್ಟಿದೆ ಎಂದು ಬರೆದಿದ್ದರು.

ಇಂಗ್ಲೆಂಡಿನ ಚಿತ್ರವೂ ಇದೇ. ಲಂಡನ್ನಿನ ದೊಡ್ಡ ಫರ್ಮ್‌ಗಳು 2024ರಲ್ಲಿ ಹೊಸ ಸಾಲಿಸಿಟರನ ಸಂಬಳವನ್ನು 1,50,000 ಪೌಂಡಿಗೆ ಏರಿಸಿದವು. ಅದೇ ನಗರದ ಅಮೆರಿಕನ್ ಶಾಖೆಗಳು 1,80,000 ಕೊಡುತ್ತಿದ್ದವು. ಇತ್ತ ಸರ್ಕಾರಿ ನೆರವಿನ ಕ್ರಿಮಿನಲ್ ಕೇಸು ನಡೆಸುವ ಬ್ಯಾರಿಸ್ಟರರ ಮೊದಲ ಮೂರು ವರ್ಷದ ಮಧ್ಯಕ ಆದಾಯ, ಖರ್ಚು ಕಳೆದು, ವರ್ಷಕ್ಕೆ 12,200 ಪೌಂಡ್ ಎಂಬ ಅಂಕಿ 2022ರಲ್ಲಿ ಹೊರಬಂತು. ಆ ಸೆಪ್ಟೆಂಬರಿನಲ್ಲಿ ಬಿಳಿ ವಿಗ್ ತೊಟ್ಟ ಬ್ಯಾರಿಸ್ಟರರು ಅನಿರ್ದಿಷ್ಟ ಮುಷ್ಕರ ಹೂಡಿ, ಶೇ. 15ರ ಏರಿಕೆ ಪಡೆದು ಅಕ್ಟೋಬರಿನಲ್ಲಿ ಕೋರ್ಟಿಗೆ ಮರಳಿದರು. ಲಂಡನ್ನಿನ ದೊಡ್ಡ ಫರ್ಮ್‌ಗಳಿಗೂ ಬೆಂಗಳೂರಿಗೂ ನೇರ ದಾರಿಯೊಂದಿದೆ: ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಅವು ಬಂದು ವಿದ್ಯಾರ್ಥಿಗಳನ್ನು ಆರಿಸಿಕೊಂಡು ಹೋಗುವುದು ಎರಡು ದಶಕಗಳಿಂದ ನಡೆದಿದೆ.

ಭಾರತದಲ್ಲಿ ಲೆಕ್ಕ ಹಾಕುವ ಕ್ರಮವೇ ಬದಲಾಗುತ್ತದೆ. ಇಲ್ಲಿ ವಕೀಲಿ ನಡೆಸುವವನು ಸಂಬಳಗಾರನಾಗುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದಂತೆ ಪೂರ್ಣಾವಧಿ ನೌಕರಿ ಹಿಡಿದವನು ವಕಾಲತ್ತು ನಿಲ್ಲಿಸಬೇಕು. ಕಂಪನಿಯೊಂದರ ಕಾನೂನು ವಿಭಾಗಕ್ಕೆ ಸೇರಿದ ಬೆಂಗಳೂರಿನ ಹುಡುಗಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ, ಕೋರ್ಟಿನಲ್ಲಿ ವಾದಿಸುವ ಹಕ್ಕು ಇರುವುದಿಲ್ಲ. ಲಾ ಫರ್ಮ್‌ಗಳು ತಮ್ಮ ಕಿರಿಯರಿಗೆ ಕೊಡುವುದನ್ನು ವೃತ್ತಿ ಶುಲ್ಕವೆಂದು ಬರೆದು ಮೂಲದಲ್ಲೇ ಶೇ. 10 ತೆರಿಗೆ ಮುರಿದುಕೊಳ್ಳುವುದು ಸಾಮಾನ್ಯ. ವರಮಾನ ತೆರಿಗೆ ಕಾಯಿದೆ ವಕೀಲರ ವಿಷಯದಲ್ಲಿ ಬಲು ಉದಾರಿ. ವರ್ಷದ ಜಮೆ 50 ಲಕ್ಷದೊಳಗಿದ್ದರೆ (ನಗದು ಶೇ. 5 ಮೀರದಿದ್ದರೆ 75 ಲಕ್ಷ) ಅರ್ಧವನ್ನು ಲಾಭವೆಂದು ತೋರಿಸಿ, ಉಳಿದರ್ಧ ಖರ್ಚಾಯಿತೆಂದು ಲೆಕ್ಕಪುಸ್ತಕವಿಲ್ಲದೆ ಮುಗಿಸಬಹುದು.

ಅಮೆರಿಕದ ಮೂರನೇ ಒಂದು ಪಾಲಿನ ಪದ್ಧತಿಯೂ ಇಲ್ಲಿ ನಿಷಿದ್ಧ. ಗೆದ್ದ ಮೊತ್ತದಲ್ಲಿ ಪಾಲು ಕೇಳುವುದು ವೃತ್ತಿ ದುರ್ನಡತೆ. ತಾಲೂಕು ಕೋರ್ಟುಗಳ ಬಳಿ ಎಂವಿಸಿ ಕೇಸುಗಳನ್ನು, ಎಂದರೆ ವಾಹನ ಅಪಘಾತದ ಪರಿಹಾರ ಅರ್ಜಿಗಳನ್ನು, ಹೇಗೆ ಒಪ್ಪಿಕೊಳ್ಳುತ್ತಾರೆಂದು ಬಲ್ಲವರು ಇದನ್ನು ಓದಿ ನಕ್ಕಾರು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಾತ್ರ ನಗಲಿಲ್ಲ. ತೆಲಂಗಾಣದ ಮಹಿಳೆಯೊಬ್ಬರು ಗಂಡನ ಅಪಘಾತದ ಪರಿಹಾರದಿಂದ ವಕೀಲರಿಗೆ 10 ಲಕ್ಷ ರೂಪಾಯಿ ಕೊಟ್ಟಿದ್ದರು. ಶೇಕಡಾವಾರು ಲೆಕ್ಕದಲ್ಲಿ ಇನ್ನೂ 3 ಲಕ್ಷ ಬಾಕಿಯೆಂದು ಪಡೆದ ಚೆಕ್ ಬೌನ್ಸ್ ಆದಾಗ ವಕೀಲರು ಆಕೆಯ ಮೇಲೇ ಕೇಸು ಹಾಕಿದರು. ಬಿ. ಸುನೀತಾ ಪ್ರಕರಣವೆಂದು ಹೆಸರಾದ ಆ ತೀರ್ಪು ಕೇಸನ್ನು ರದ್ದುಪಡಿಸಿ, ಇಂಥ ಕರಾರು ಸಾರ್ವಜನಿಕ ನೀತಿಗೆ ವಿರುದ್ಧವೆಂದಿತು.

ಭಾರತದ ನಗರಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ಬಾಡಿಗೆ ದರಕ್ಕಿಂತ ನ್ಯಾಯಾಲಯಗಳ ವಿಳಾಸ ನೋಡುವುದು ಲೇಸು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿದೆ, ಕಂಪನಿ ಕಾನೂನಿನ ಮೇಲ್ಮನವಿ ನ್ಯಾಯಮಂಡಳಿಯಿದೆ, ದೂರಸಂಪರ್ಕದ ಮಂಡಳಿಯಿದೆ. ಮುಂಬೈಯಲ್ಲಿ ಷೇರುಪೇಟೆ, ಸೆಬಿ, ರಿಸರ್ವ್ ಬ್ಯಾಂಕ್, ಜೊತೆಗೆ ದೊಡ್ಡ ದಾವೆಗಳನ್ನು ಮೊದಲ ಹಂತದಲ್ಲೇ ಕೇಳುವ ಹೈಕೋರ್ಟು. ಕರ್ನಾಟಕ ಹೈಕೋರ್ಟಿಗೆ ಆ ಸಾಮಾನ್ಯ ಮೂಲ ಅಧಿಕಾರವಿಲ್ಲ. ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ಜಮೀನಿನ ದಾವೆ ಶುರುವಾಗುವುದು ಸಿಟಿ ಸಿವಿಲ್ ಕೋರ್ಟಿನಲ್ಲಿ. ಬೆಂಗಳೂರಿನ ವಕೀಲರಿಗೆ ಅನ್ನ ಹಾಕುವುದು ಆಸ್ತಿಯ ದಾಖಲೆ ಪರಿಶೀಲನೆ, ಸಾಫ್ಟ್‌ವೇರ್ ಕಂಪನಿಗಳ ಕರಾರು, ನವೋದ್ಯಮಗಳ ಬಂಡವಾಳ ಪತ್ರಗಳು. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಹೋದ ಜಮೀನಿನ ಹೆಚ್ಚುವರಿ ಪರಿಹಾರದ ಎಲ್‌ಎಸಿ ಕೇಸುಗಳು, ಎಂದರೆ ಭೂಸ್ವಾಧೀನದ ಕೇಸುಗಳು, ವಕೀಲರ ಒಂದು ತಲೆಮಾರಿಗೇ ಕೆಲಸ ಕೊಟ್ಟವು. ಉಳಿದ ತಾಲೂಕುಗಳಲ್ಲಿ ಪಾಲು ವಿಭಾಗದ ದಾವೆ, ತಡೆಯಾಜ್ಞೆ, ಜಾಮೀನು, ಚೆಕ್ ಬೌನ್ಸ್.

ಕೋರ್ಟು ಜಾಗ ಬದಲಿಸಿದರೆ ಸಂಪಾದನೆಯೂ ಹಿಂದೆಯೇ ಹೋಗುತ್ತದೆ. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಕಾಯಂ ಆದವು. ಅದಕ್ಕೆ ಮುಂಚೆ ಬೀದರಿನ ರೈತ ಒಂದು ಮೇಲ್ಮನವಿಗಾಗಿ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು, ಅಲ್ಲಿನ ವಕೀಲರಿಗೇ ಫೀಸು ಕೊಡಬೇಕಿತ್ತು.

ದೆಹಲಿಯ ತುತ್ತತುದಿಯ ಫೀಸಿನ ಬಗ್ಗೆ ದಂತಕತೆಗಳು ಬೇಕಾದಷ್ಟಿವೆ. ದಾಖಲೆಗೆ ಸಿಕ್ಕದ್ದು ಅಪರೂಪ. 2017ರಲ್ಲಿ ಆಗಿನ ದೆಹಲಿ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲರ ಮೇಲಿನ ಮಾನನಷ್ಟ ಮೊಕದ್ದಮೆಯಲ್ಲಿ ಅವರ ವಕೀಲ ರಾಮ್ ಜೇಠ್ಮಲಾನಿ ಕಳಿಸಿದ ಬಿಲ್ಲು ಪತ್ರಿಕೆಗಳಿಗೆ ಸೋರಿ, ಮುಂಗಡ 1 ಕೋಟಿ, ಪ್ರತಿ ಹಾಜರಾತಿಗೆ 22 ಲಕ್ಷ ರೂಪಾಯಿ ಎಂಬುದು ಬಯಲಾಯಿತು. ಗದ್ದಲವೆದ್ದಾಗ, ಕೊಡಲಾಗದಿದ್ದರೆ ಬಡ ಕಕ್ಷಿದಾರನೆಂದು ಭಾವಿಸಿ ಪುಕ್ಕಟೆ ವಾದಿಸುವೆನೆಂದರು ಜೇಠ್ಮಲಾನಿ. ಅದೇ ವರ್ಷ ಪಾಕಿಸ್ತಾನದ ಸೆರೆಯಲ್ಲಿದ್ದ ಕುಲಭೂಷಣ್ ಜಾಧವ್ ಪರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ವಾದಿಸಲು ಹಿರಿಯ ವಕೀಲ ಹರೀಶ್ ಸಾಳ್ವೆ ಪಡೆದದ್ದು 1 ರೂಪಾಯಿ. ಹೈಕೋರ್ಟ್ ನ್ಯಾಯಮೂರ್ತಿಯ ಮೂಲ ವೇತನ ತಿಂಗಳಿಗೆ 2,25,000 ರೂಪಾಯಿ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡರೆ, ಹೆಸರುವಾಸಿ ಹಿರಿಯ ವಕೀಲರು ಪೀಠದ ಕರೆಯನ್ನು ನಯವಾಗಿ ನಿರಾಕರಿಸುವುದೇಕೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತುದಿ ಜೂನಿಯರ್‌ಗಳದು. ಮುಂಬೈ, ದೆಹಲಿ, ಬೆಂಗಳೂರಿನ ಮೊದಲ ಸಾಲಿನ ಫರ್ಮ್ ಸೇರಿದವರಿಗೆ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಲಕ್ಷ ರೂಪಾಯಿಯ ಆಸುಪಾಸು ಸಿಗುತ್ತದೆ. ಸೀನಿಯರ್ ಒಬ್ಬರ ಆಫೀಸು ಸೇರಿ, ದಿನಾಂಕ ಕೇಳಿ, ಕಡತ ಹೊತ್ತು, ನಕಲು ಅರ್ಜಿ ಹಾಕಿ ಕೆಲಸ ಕಲಿಯುವವರಿಗೆ ಬಸ್ ಚಾರ್ಜು, ಹಬ್ಬಕ್ಕೊಂದು ಕವರು ಸಿಕ್ಕರೂ ಪುಣ್ಯ ಎಂಬಂಥ ಆಫೀಸುಗಳು ಎಲ್ಲ ಜಿಲ್ಲೆಗಳಲ್ಲೂ ಇವೆ. ಕಲಿಸುವುದೇ ಕೂಲಿ ಎಂಬ ಹಳೆಯ ವಾದ ಇದಕ್ಕೆ ಆಧಾರ. ಅಪ್ಪನೋ ಮಾವನೋ ವಕೀಲರಾಗಿರುವ ಮನೆಯ ಹುಡುಗ ಇದನ್ನು ತಾಳಿಕೊಳ್ಳುತ್ತಾನೆ. ಮೊದಲ ತಲೆಮಾರಿನವನು ಎರಡನೇ ವರ್ಷಕ್ಕೆ ಬೇರೆ ಕೆಲಸ ನೋಡುತ್ತಾನೆ. ಕೇರಳ 2018ರಲ್ಲಿ, ಆಂಧ್ರ ಪ್ರದೇಶ 2019ರಲ್ಲಿ ಕಿರಿಯ ವಕೀಲರಿಗೆ ತಿಂಗಳಿಗೆ 5,000 ರೂಪಾಯಿ ಭತ್ಯೆ ಘೋಷಿಸಿದವು. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಚೆನ್ನೈ, ಮಧುರೈ, ಕೊಯಮತ್ತೂರುಗಳಲ್ಲಿ ಕನಿಷ್ಠ 20,000, ಬೇರೆಡೆ 15,000 ಕೊಡಿಸಬೇಕೆಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರಕ್ಕೆ 20,000, ಗ್ರಾಮೀಣ ಪ್ರದೇಶಕ್ಕೆ 15,000 ಎಂದು ದೇಶಕ್ಕೆಲ್ಲ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. ಕೊಡದವರಿಗೆ ದಂಡವಿಲ್ಲ.

ವೃತ್ತಿಯ ಬಾಗಿಲಲ್ಲೇ ವಸೂಲಿ ಮಾಡುವುದಕ್ಕಾದರೂ 2024ರ ಜುಲೈನಲ್ಲಿ ತಡೆ ಬಿತ್ತು. ಸನದಿಗೆ, ಎಂದರೆ ವಕೀಲರಾಗಿ ನೋಂದಾಯಿಸಿಕೊಳ್ಳಲು, ಕಾಯಿದೆಯಲ್ಲಿ ಬರೆದ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೆ 125. ರಾಜ್ಯ ಪರಿಷತ್ತುಗಳು ನಾನಾ ಹೆಸರಿನಲ್ಲಿ ಸಾವಿರಾರು ರೂಪಾಯಿ, ಒಡಿಶಾದಲ್ಲಂತೂ 42,100 ರೂಪಾಯಿ ಪಡೆಯುತ್ತಿದ್ದುದನ್ನು ಸುಪ್ರೀಂ ಕೋರ್ಟು ಗೌರವ್ ಕುಮಾರ್ ಪ್ರಕರಣದಲ್ಲಿ ತಳ್ಳಿಹಾಕಿತು.

ಜೂನಿಯರ್‌ಗಳ ಪಾಲಿಗೆ ಇದ್ದ ಇನ್ನೊಂದು ದಾರಿ ಸಿವಿಲ್ ನ್ಯಾಯಾಧೀಶರ ಪರೀಕ್ಷೆ. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶಿಫಾರಸಿನಂತೆ ಕೆಳಹಂತದ ಸಿವಿಲ್ ನ್ಯಾಯಾಧೀಶರ ಆರಂಭದ ಮೂಲ ವೇತನ 77,840 ರೂಪಾಯಿ. ಪದವಿ ಮುಗಿಸಿ ನೇರವಾಗಿ ಪರೀಕ್ಷೆಗೆ ಕೂರುವ ಅವಕಾಶವನ್ನು ಸುಪ್ರೀಂ ಕೋರ್ಟು 2025ರ ಮೇ 20ರಂದು ಮುಚ್ಚಿ, ಕನಿಷ್ಠ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ತಾತ್ಕಾಲಿಕ ಸನದು ಸಿಕ್ಕ ದಿನದಿಂದ ಈ ಮೂರು ವರ್ಷದ ಎಣಿಕೆ. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಕಳೆದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಆ ಮೂರು ವರ್ಷ ಅಭ್ಯರ್ಥಿಗೆ ಯಾರು ಎಷ್ಟು ಕೊಡಬೇಕೆಂಬುದು ಸೀನಿಯರಿಗೇ ಬಿಟ್ಟದ್ದು.